ಆ ಬಾಟ್ಲಿಯ ಮುಚ್ಚಳ ತೆಗೆಯಬೇಡಿ

ಐಶ್ವರ್ಯಳ ಅಪ್ಪನವರಿಗೆ,

ಮೊದಲು ಇದಿಷ್ಟು ಓದಿರಿ: ನಿಮ್ಮ ಚೀಲದಲ್ಲಿರುವ ಬಾಟ್ಲಿಯ ಮುಚ್ಚಳ ತೆಗೆಯಬೇಡಿ. ಒಂದು ಗುಟುಕು ಕುಡಿದಿದ್ದರೂ, ಮೈ ಚೆನ್ನಾಗಿದೆ ಅನ್ನಿಸಿದರೂ, ಈ ಚೀಟಿ ತಂದ ಅಂಬರೀಶನ ಟೆಂಪೋ ಹತ್ತಿ ಸೀದಾ ಹಿರೇಕೆರೂರಿನ ದವಾಖಾನೆಗೆ ಹೋಗಿರಿ.

ಶಿಗ್ಗಾಂವಿ ರಸ್ತೆಯಲ್ಲಿ "ಮಿಲಿಟರಿ ಮಾಲು, ಅರ್ಧಾ ರೇಟಿಗೆ ಸಿಕ್ತು" ಎಂದು ಹಿಗ್ಗುತ್ತಾ ನೀವೂ ಪಕ್ಕದ ಮನೆಯ ಮೈಲಾರಲಿಂಗಣ್ಣನೂ ಒಂದೊಂದು ಬಾಟ್ಲಿ ತಂದಿರಲ್ಲ, ಅವನು ತನ್ನದನ್ನು ನಿನ್ನೆ ಕುಡಿದ. ಬೆಳಿಗ್ಗೆ ಎದ್ದವನಿಗೆ ಒಂದೇ ಸಮನೆ ವಾಂತಿ. ಅಂಗಳದ ತುಂಬ ಬಿಸಿಲು ಬಿದ್ದಿದೆ, "ಫಕ್ಕೀರವ್ವ, ಇಷ್ಟೊತ್ತಾದ್ರೂ ಯಾಕ ಬೆಳಕು ಹರದಿಲ್ಲ?" ಎಂದು ಹೆಂಡತಿಯನ್ನು ಕೇಳುತ್ತಾನೆ. ಹುಬ್ಬಳ್ಳಿಗೆ ಒಯ್ದಿದ್ದಾರೆ. ಕಣ್ಣಿನ ಮಾತು ಆಮೇಲೆ, ಮೊದಲು ಜೀವ ಉಳಿಯಲಿ ಎಂದರಂತೆ ಡಾಕ್ಟರು. ಅವರ ಹಸುಗೂಸು ನನ್ನ ಮಡಿಲಲ್ಲಿದೆ, ಇಲ್ಲದಿದ್ದರೆ ನೀವಿರುವ ಚಿಕ್ಕೇರೂರಿಗೆ ನಾನೇ ಓಡಿಬರುತ್ತಿದ್ದೆ. ನಿಮ್ಮ ಫೋನು ಹತ್ತುತ್ತಿಲ್ಲ. "ಗೋವಿನಜ್ವಾಳ ಒಕ್ಕೋ ಮಷಿನ್ ಕೆಲಸ ಮುಗಿದ ದಿನಾನ ಬಾಟ್ಲಿ ತಗೀತೇನಿ" ಎಂದು ಹೇಳಿ ಹೋಗಿದ್ದಿರಿ. ಇವತ್ತೇ ಆ ದಿನ.

ನೀವು ನಂಬುವುದಿಲ್ಲ, ಗೊತ್ತು. ಕುಡಿತ ಬಿಡಿಸಲು ನಾನು ಆಡದ ಸುಳ್ಳಿಲ್ಲ. ಮಗಳಿಗೆ ಜ್ವರ ಎಂದೆ. ನನ್ನ ಅವ್ವ ಹೋದಳು ಎಂದೆ; ಆಕೆ ಗುಂಡುಕಲ್ಲಿನ ಹಾಗೆ ಕೂತು ಈಗಲೂ ನಿಮ್ಮನ್ನೇ ಬೈಯುತ್ತಿದ್ದಾಳೆ. "ನಿಂದು ದಿನಾ ಇದ್ದದ್ದ ಬಿಡು" ಎಂದು ನಗುತ್ತಿದ್ದಿರಿ. ಇವತ್ತೂ ಹಾಗೆ ನಕ್ಕುಬಿಟ್ಟರೆ ನಾನೇನು ಮಾಡಲಿ?

ಅದಕ್ಕೇ ಕೂಸನ್ನು ಎತ್ತಿಕೊಂಡು ಹಾನಗಲ್ಲಿನ ವೈನ್ ಶಾಪಿಗೆ ಹೋದೆ. ಸಾಲಿನಲ್ಲಿದ್ದ ಗಂಡಸರು ಸರಿದು ದಾರಿ ಬಿಟ್ಟರು, ಒಬ್ಬ ಕಿಸಕ್ಕನೆ ನಕ್ಕ. "ಯಾರಿಗ್ರೀ ಅಕ್ಕಾರ?" ಎಂದ ಅಂಗಡಿಯವ. "ನನ್ನ ಗಂಡಗ. ಅಸಲಿ ಕೊಡ್ರಿ" ಎಂದೆ. ಅವನು ಅಬಕಾರಿ ಚೀಟಿ ತೋರಿಸಿದ, ಮುಚ್ಚಳದ ಕೆಳಗಿನ ಬಳೆ ತೋರಿಸಿದ. "ತಿರುವಿದ್ರ ಇದು ಕಟ್ಟಂತ ಹರೀಬೇಕ್ರಿ. ಸುಮ್ಮನ ತಿರುಗಿದ್ರ ಮುಟ್ಟಬ್ಯಾಡ್ರಿ." ಮೈಲಾರಲಿಂಗಣ್ಣನದು ಸುಮ್ಮನೆ ತಿರುಗಿತ್ತಂತೆ. ಬಿಲ್ಲನ್ನೂ ಕೇಳಿ ಇಸಿದುಕೊಂಡೆ.

ಆ ಬಾಟ್ಲಿ ಅಂಬರೀಶನ ಕೈಯಲ್ಲಿದೆ. ನಿಮಗೇ. ಕುಡಿಯಲೇಬೇಕಿದ್ದರೆ ಇದನ್ನು ಕುಡಿಯಿರಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಚೀಲದಲ್ಲಿರುವುದನ್ನು ಮಾತ್ರ ಅಂಬರೀಶನ ಎದುರಿಗೇ ಮಣ್ಣಿಗೆ ಸುರಿಯಿರಿ. ನಾನು, ಈ ನೀಲವ್ವ, ದುಡ್ಡು ಕೊಟ್ಟು ನಿಮಗೆ ಬಾಟ್ಲಿ ತಂದು ಕಳಿಸಿದ್ದೇನೆ. ಇದೂ ಸುಳ್ಳು ಎನ್ನುತ್ತೀರಾ?

ನನ್ನ ಮುಖ ನಿಮ್ಮ ಕಣ್ಣಿಗೆ ಕಾಣುತ್ತಲೇ ಇರಲಿ, ಬೈಯಲಿಕ್ಕಾದರೂ.

ದಾರಿ ಕಾಯುತ್ತಿರುವ,
ನೀಲವ್ವ