ಸಾಹೇಬನ ಮೂಗಿನ ರಿಪೋರ್ಟು

ಹಿಂದಿನ ಕೋಣೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಸೊಂಟದ ನೋವು ಹೇಗಿದೆ? ಮಗ್ಗುಲು ಬದಲಿಸಲು ಆಗುತ್ತಿದೆಯೇ? ತಂಗಿಯ ಮನೆಯೆಂದು ಸಂಕೋಚಪಟ್ಟು ನೀರಿನ ಲೋಟಕ್ಕೂ ನೀನೇ ಏಳಬೇಡ. ನಾನು ಚೆನ್ನಾಗಿದ್ದೇನೆ. ನನ್ನ ಅಡುಗೆ ಒಂದು ದಿನ ಸೀದರೆ ಒಂದು ದಿನ ಬೇಯುವುದಿಲ್ಲ. ಹೊಟ್ಟೆ ಪಾಪ, ಇನ್ನೂ ತಕರಾರು ಮಾಡಿಲ್ಲ.

ಹೊಲಿದ ಪುಸ್ತಕಗಳ ಬೆನ್ನಿಗೆ ಗೋಂದು ಹಚ್ಚಿ, ಒಣಗಲು ಬಿಟ್ಟು, ಕಿಟಕಿಯ ಬಿಸಿಲಲ್ಲಿ ಕುಳಿತು ಬರೆಯುತ್ತಿದ್ದೇನೆ. ಕಾಗದದ ಪುಡಿ ಇಳಿಯುವ ಮನಸ್ಸೇ ಇಲ್ಲದಂತೆ ಬೆಳಕಿನಲ್ಲಿ ತೇಲುತ್ತಿದೆ. ಇಂಥ ಹೊತ್ತಿನಲ್ಲಿ ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಹೋದ ವಾರ ಫೋನಿನಲ್ಲಿ "ಸಾಹೇಬ ಮಲಗಿದ್ದಾನೆ" ಎಂದೆನಲ್ಲ, ಆಗ ನಮ್ಮ ಬೆಕ್ಕು ಮನೆಯಲ್ಲೇ ಇರಲಿಲ್ಲ.

ಎರಡು ಸಲ ಆಪರೇಷನ್ನಿಗೆ ದಿನ ಗೊತ್ತಾಗಿ, ಎರಡು ಸಲವೂ ನಿನ್ನ ಮೂಗಿನಲ್ಲಿ ಆ ಹಠಮಾರಿ ಬ್ಯಾಕ್ಟೀರಿಯಾ ಸಿಕ್ಕಿ, ಗಾಯಕ್ಕೆ ಸೋಂಕಾದೀತೆಂದು ಮುಂದಕ್ಕೆ ಹೋಯಿತು. ಮುಲಾಮು ಹಚ್ಚಿದರೆ ಹೋಗುವುದು, ಮನೆಯಲ್ಲಿ ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಹಾಜರು. ಕೊನೆಗೆ ಡಾಕ್ಟರು "ಮನೇಲಿ ಪ್ರಾಣಿ ಇದೆಯಾ?" ಎಂದು ಕೇಳಿದಾಗ ನೀನು ತಲೆತಗ್ಗಿಸಿದ್ದು ನೆನಪಿದೆ. ಮನೆಯಿಂದ ದೂರವಿದ್ದರೆ ವಾಸಿಯಾದೀತೆಂದು ನೀನು ತಂಗಿಯ ಮನೆಗೆ ಹೊರಟ ಮೇಲೆ ಸಾಹೇಬನ ಮೂಗಿಗೂ ಹತ್ತಿಕಡ್ಡಿ ಹಾಕಿಸಿ ಪರೀಕ್ಷೆ ಮಾಡಿಸಿದೆ. ಅದೇ ಬ್ಯಾಕ್ಟೀರಿಯಾ! ನಿನ್ನಣ್ಣನಿಗೆ ಇಷ್ಟೇ ಸಾಕಾಯಿತು. "ಭಾವಾ, ನಿಮಗೆ ಬೆಕ್ಕು ಮುಖ್ಯಾನಾ, ನನ್ನ ತಂಗಿ ಮುಖ್ಯಾನಾ?" ಎಂದ. ಸಾಹೇಬನನ್ನು ಬುಟ್ಟಿಯಲ್ಲಿ ಕೂರಿಸಿ ನಿನ್ನಣ್ಣನ ಗೋದಾಮಿಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಸಾಹೇಬರು ಒಂದು ಸಲವೂ ಕೂಗಲಿಲ್ಲ. ಎಲ್ಲೋ ಸವಾರಿ ಹೊರಟಿದ್ದೇವೆ ಅಂದುಕೊಂಡಿದ್ದರು.

ಮೂರು ದಿನ ಮೂಟೆಗಳ ಸಂದಿಯಲ್ಲಿ ಕುಳಿತು ಅನ್ನ ಮುಟ್ಟಲಿಲ್ಲವಂತೆ. ನಾಲ್ಕನೇ ದಿನ ಬೆಕ್ಕಿನ ಡಾಕ್ಟರಮ್ಮನ ಹತ್ತಿರ ಹೋಗಿ ಎಲ್ಲಾ ಹೇಳಿದೆ. ಅವರು ಕನ್ನಡಕ ತೆಗೆದು, "ಸರಿ, ನಿಮ್ಮ ಮೂಗು ಯಾರು ನೋಡಿದ್ರು?" ಎಂದರು. "ಇದು ಹೆಚ್ಚಾಗಿ ಮನುಷ್ಯರಿಂದಲೇ ಬೆಕ್ಕಿಗೆ ಹೋಗೋದು. ಮನೆಯವರು ವಾಸಿಯಾದ್ರೆ ಎಷ್ಟೋ ಸಲ ಅದಕ್ಕೂ ತಾನಾಗೇ ಹೋಗುತ್ತೆ. ಯಾರನ್ನೋ ಬಿಟ್ಟು ಯಾರಿಗೋ ಶಿಕ್ಷೆ ಕೊಟ್ಟಿದ್ದೀರಿ." ಅಲ್ಲಿಂದಲೇ ಆಸ್ಪತ್ರೆಗೆ ಹೋಗಿ ನನ್ನ ಮೂಗನ್ನೂ ಒಪ್ಪಿಸಿ, ಗೋದಾಮಿಗೆ ಓಡಿದೆ. ಸಾಹೇಬ ನನ್ನ ಕಡೆ ಬೆನ್ನು ಹಾಕಿ ಕುಳಿತಿದ್ದ. ಬುಟ್ಟಿ ತೆರೆದೆ. ಸ್ವಲ್ಪ ಹೊತ್ತು ಯೋಚಿಸಿ, ತಾನೇ ಬಂದು ಕುಳಿತ.

ಅವತ್ತಿನಿಂದ ಒಂಥರಾ ಕನಸಿನಲ್ಲಿ ಓಡಾಡುತ್ತಿದ್ದೇನೆ. ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಮೂವರೇ ಇದ್ದೇವೆಂದು ನಾವು ತಿಳಿದಿದ್ದೆವು, ಗುಬ್ಬಿ. ಕಣ್ಣಿಗೆ ಕಾಣದ ಎಷ್ಟೊಂದು ಜೀವಗಳು ನನ್ನ ಬೆರಳಿನಿಂದ ಅವನ ಬೆನ್ನಿಗೆ, ಅವನ ಬೆನ್ನಿನಿಂದ ನಿನ್ನ ದಿಂಬಿಗೆ ಸದ್ದಿಲ್ಲದೆ ಸಂಸಾರ ಸಾಗಿಸಿಕೊಂಡು ಬಂದಿವೆ! ಬಹುಪಾಲು ನಿರುಪದ್ರವಿಗಳಂತೆ. ಈಗ ಅವನು ಕಟ್ಟಿಟ್ಟ ಪುಸ್ತಕಗಳ ಮೇಲೆ ಮಲಗಿ ಉಸಿರಾಡುತ್ತಿದ್ದಾನೆ. ಹೊಟ್ಟೆ ಏರಿ ಇಳಿಯುವುದನ್ನು ನೋಡುತ್ತಾ ನನಗೂ ಕಣ್ಣೆಳೆಯುತ್ತಿದೆ.

ತಂಗಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಗಟ್ಟಿಯಾಗಿ ನಡೆಸಲಿ.

ನಿನ್ನ,
ಗೋಂದಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ನನ್ನ ಮೂಗಿನಲ್ಲೂ ಅದೇ ಇದೆಯಂತೆ. ನಿನ್ನನ್ನು ಎರಡು ಸಲ ವಾಪಸ್ ಕಳಿಸಿದವನು ಬಹುಶಃ ನಾನೇ. ಬೈಯುವುದಿದ್ದರೆ ನನ್ನನ್ನೇ ಬೈಯಿ. ಇಂದಿನಿಂದಲೇ ಮುಲಾಮು ಶುರು. ಪೂರ್ತಿ ವಾಸಿಯಾಯಿತೆಂದು ಅವರು ಹೇಳುವ ತನಕ ನಿನ್ನ ಹತ್ತಿರ ಸುಳಿಯುವುದಿಲ್ಲ. ಆಪರೇಷನ್ ದಿನ ಬಾಗಿಲ ತನಕ ನಿನ್ನ ಕೈ ಹಿಡಿದುಕೊಂಡು ಬರಬೇಕೆಂದಿದ್ದೆ. ತಂಗಿಯ ಕೈ ಹಿಡಿದುಕೋ. ಮತ್ತೆ, ಈ ಕಾಗದವನ್ನು ಎದೆಗೊತ್ತಿಕೊಂಡು ಕೂರಬೇಡ, ನನಗೆ ನಿನ್ನ ಅಭ್ಯಾಸ ಗೊತ್ತು. ಓದಿದ ಕೂಡಲೇ ಸೋಪು ಹಾಕಿ ಕೈ ತೊಳೆದುಕೋ.