ತಾತ್ಕಾಲಿಕ ಎಂಬ ಊರಿನಿಂದ

ತಾತ್ಕಾಲಿಕ,
ಎರಡನೇ ಸೆಕೆ ತಿಂಗಳ ಒಂಬತ್ತು, ೨೧೦೪

ಮುತ್ತಜ್ಜಿ ನಾಗವೇಣಿಯವರಿಗೆ,

ತಾರೀಖು ನೋಡಿ ಯಾರೋ ಹುಡುಗಾಟ ಮಾಡಿದ್ದಾರೆ ಎಂದುಕೊಳ್ಳಬೇಡಿ. ನಾನು ಇಬ್ಬನಿ, ನಿಮ್ಮ ಮಗಳ ಮೊಮ್ಮಗಳು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು. ಮಾತು ಒರಟಾಗಿ ಕಂಡರೆ ಕ್ಷಮಿಸಿ. ಒರಟೆಲ್ಲ ಭಾಷೆಯದಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ.

ನಮ್ಮೂರಿನ ಹೆಸರು ತಾತ್ಕಾಲಿಕ. ಮಡಿಕಟ್ಟೆ ಪಾಳ್ಯದ ನಲವತ್ತಾರು ಮಡಿವಾಳ ಕುಟುಂಬಗಳನ್ನು ಹನ್ನೊಂದು ತಿಂಗಳ ಮಟ್ಟಿಗೆಂದು ಇಲ್ಲಿನ ತಗಡಿನ ಶೆಡ್ಡುಗಳಿಗೆ ಕಳಿಸಿದಾಗ, ಗೇಟಿನ ಮೇಲೆ ‘ತಾತ್ಕಾಲಿಕ ವಸತಿ’ ಎಂದು ಬರೆಸಿದ್ದರಂತೆ. ವಸತಿ ಎಂಬ ಅಕ್ಷರಗಳು ಬಿಸಿಲಿಗೆ ಅಳಿಸಿಹೋದವು. ಉಳಿದದ್ದು ಊರಿನ ಹೆಸರಾಯಿತು. ನನ್ನ ತಾಯಿ, ನಾನು, ನನ್ನ ಮಗಳು, ಮೂವರೂ ಹುಟ್ಟಿದ್ದು ಇಲ್ಲೇ. ವರ್ಷದ ಐದು ತಿಂಗಳಿಗೆ ಇಲ್ಲಿ ಸೆಕೆ ಎಂದೇ ಹೆಸರು. ಆಗ ಸ್ನಾನವೆಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು. ಊರಿಗೆಲ್ಲ ಬಟ್ಟೆ ಒಗೆದವರ ಮರಿಮಕ್ಕಳು ನಾವು, ವಾರಕ್ಕೊಂದು ಸಲ ಸೀರೆ ಒಗೆಯುತ್ತೇವೆ.

ಬೆಳಿಗ್ಗೆ ಐದಕ್ಕೆ ಗಾಡಿ ಹತ್ತಿ ಪಾಳ್ಯಕ್ಕೆ ಕೆಲಸಕ್ಕೆ ಹೋಗುತ್ತೇನೆ. ಅಲ್ಲಿನ ಗೇಟಿನಲ್ಲಿ ಮಣಿಕಟ್ಟಿಗೆ ದಿನಚೀಟಿ ಒತ್ತುತ್ತಾರೆ. ಅದೊಂದು ಮುದ್ರೆ, ಸಂಜೆ ಆರಕ್ಕೆ ತಾನಾಗಿ ಮಾಸುತ್ತದೆ. ಮಾಸಿದ ಮೇಲೂ ಒಳಗಿದ್ದರೆ ಗೇಟು ಕೂಗಿಕೊಳ್ಳುತ್ತದೆ. ನೀವು ಬಟ್ಟೆ ಒಗೆಯುವ ಕಟ್ಟೆಗೆ ಈಗ ಪರಂಪರೆ ಅಂಗಳ ಎನ್ನುತ್ತಾರೆ. ಅಲ್ಲಿ ನನ್ನ ಕೆಲಸ ಅಗಸಗಿತ್ತಿಯಾಗಿರುವುದು. ಸೀರೆ ಎತ್ತಿ ಕಟ್ಟಿ, ಒಣಬಟ್ಟೆಯನ್ನು ಕಲ್ಲಿಗೆ ಬಡಿಯುತ್ತೇನೆ. ನೀರಿನ ಸದ್ದನ್ನು ಗೋಡೆಯೊಳಗಿಂದ ಕೇಳಿಸುತ್ತಾರೆ. ಜನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತ ನೋಡುತ್ತಾರೆ.

ಅಂಗಳದ ಪಕ್ಕದ ಕೋಣೆಯಲ್ಲಿ ನಿಮ್ಮ ವಾರ್ಡ್ ಸಭೆಯ ಚಪ್ಪಾಳೆಯನ್ನು ಒಂದು ನಿಮಿಷ ಕೇಳಿಸಿ, ‘ಪಾಳ್ಯದ ಜನ ಮನಸಾರೆ ಒಪ್ಪಿಕೊಟ್ಟ ಜಾಗ’ ಎಂದು ಹೇಳುತ್ತಾರೆ. ಆ ಸಭೆಯ ಪೂರ್ತಿ ಧ್ವನಿಮುದ್ರಣ ಬೀರುವಿನಲ್ಲಿತ್ತು. ಧೂಳು ಒರೆಸುವಾಗ ಸಿಕ್ಕಿತು. ಒಂದು ರಜೆಯ ದಿನ ಕೂತು ಎರಡು ಗಂಟೆಯನ್ನೂ ಕೇಳಿದೆ. ನಿಮಗದು ಬರುವ ಭಾನುವಾರ ನಡೆಯಬೇಕಾದ ಸಭೆ. ನನಗೆ ಎಪ್ಪತ್ತೇಳು ವರ್ಷ ಹಿಂದಿನದು.

ಮೊದಲು ಎದುರಿನ ಅಪಾರ್ಟ್‌ಮೆಂಟಿನ ಸಂಘದವರು ಮಾತಾಡಿದರು. “ನಾವು ನಿಮ್ಮ ವಿರುದ್ಧ ಅಲ್ಲ. ಆದ್ರೆ ಆ ಬಟ್ಟೆ ಬೇಯಿಸೋ ಭಟ್ಟಿ ಹೊಗೆ, ಬಾಲ್ಕನಿಗೆ ಬಂದ್ರೆ ಎದುರಿಗೆ ಬರೀ ಬೆಡ್‌ಶೀಟು. ಏರಿಯಾ ಡೆವಲಪ್ ಆದ್ರೆ ನಿಮಗೂ ಒಳ್ಳೇದಲ್ವಾ?” ಆಮೇಲೆ ಕಾರ್ಪೊರೇಟರ್ ಎದ್ದರು. “ನಿಮ್ಗೆಲ್ಲ ಇಲ್ಲೇ ಪಕ್ಕಾ ಮನೆ, ಇಲ್ಲೇ ಹೊಸ ಕಟ್ಟೆ. ಹನ್ನೊಂದು ತಿಂಗ್ಳು ಅಡ್ಜಸ್ಟ್ ಮಾಡ್ಕೊಳಿ, ಅಷ್ಟೆ.”

ಆಗ ಒಬ್ಬ ಹೆಂಗಸಿನ ದನಿ. ನಿಮ್ಮ ಓರಗಿತ್ತಿ ಪಿಳ್ಳಮ್ಮ.

“ಸ್ವಾಮಿ, ಬಾಯಲ್ಲಿ ಇಲ್ಲೇ ಅಂತೀರ. ಕಾಗ್ದದಲ್ಲಿ ಸೂಕ್ತ ಸ್ಥಳ ಅಂತೈತೆ. ನಾನೇ ಅಕ್ಷರ ಕೂಡಿಸ್ಕೊಂಡು ಓದ್ದೆ. ಇಲ್ಲೇ ಅಂತ ಬರ್ದುಕೊಡಿ, ರುಜು ಹಾಕ್ತೀನಿ.”

“ನನ್ಮೇಲೆ ನಂಬಿಕೆ ಇಲ್ವಾ ತಾಯಿ?”

“ನಂಬ್ಕೆ ಐತೆ ಸ್ವಾಮಿ. ಅದ್ನೇ ಬರೀರಿ.”

ಕಾರ್ಪೊರೇಟರ್ ಕೆಮ್ಮಿದ್ದು ಕೇಳಿಸುತ್ತದೆ. ಆಮೇಲೆ ಕಾಗದ ಮಗುಚಿದ ಸದ್ದು, ಮುತ್ತಜ್ಜಿ. ಪಿಳ್ಳಮ್ಮನನ್ನು ಇನ್ನೊಂದು ಗಳಿಗೆ ಹಾಗೇ ನಿಲ್ಲಲು ಬಿಟ್ಟಿದ್ದರೆ ಬೇರೆಯವರೂ ಏಳುತ್ತಿದ್ದರೇನೋ. ಅಷ್ಟರಲ್ಲಿ ಹತ್ತಿರದಿಂದಲೇ ಎಳೆಯ ದನಿಯೊಂದು: “ಕೂತ್ಕ ಅಕ್ಕಯ್ಯ. ಎಲ್ರೂ ನೋಡ್ತಾವ್ರೆ. ಮಾನ ತೆಗೀಬ್ಯಾಡ.” ಬಳೆಯ ಸದ್ದು. ಕುರ್ಚಿ ಕಿರುಗುಟ್ಟಿತು. ಆಮೇಲೆ ಚಪ್ಪಾಳೆ.

ಆ ದನಿಯನ್ನು ಗುರುತಿಸಲು ನನಗೆ ಯಾರೂ ಬೇಕಿರಲಿಲ್ಲ. ನಿಮ್ಮ ಫೋನಿನಲ್ಲಿ ಉಳಿದಿದ್ದ ಸಂದೇಶಗಳನ್ನು ಅಜ್ಜಿ ನನಗೆ ಚಿಕ್ಕಂದಿನಿಂದ ಕೇಳಿಸಿದ್ದಾರೆ.

ಮುಂದಿನದನ್ನು ಹೇಳಿದ್ದೂ ಅಜ್ಜಿಯೇ. ಲಾರಿ ಬಂದ ದಿನ ಪಿಳ್ಳಮ್ಮ ಕಲ್ಲು ಬಿಟ್ಟು ಏಳಲಿಲ್ಲ. ನಾಲ್ವರು ಹಿಡಿದು ಎತ್ತಿಹಾಕಿದರು. ಇಲ್ಲಿಗೆ ಬಂದ ಮೇಲೆ ಮೂವತ್ತು ಮೈಲಿ ದೂರಕ್ಕೆ ಬಟ್ಟೆ ಕೊಡುವವರು ಯಾರೂ ಇರಲಿಲ್ಲ. ನೀವು ಬಸ್ಸು ಹಿಡಿದು ಅದೇ ಪಾಳ್ಯಕ್ಕೆ ಪಾತ್ರೆ ತೊಳೆಯಲು ಹೋದಿರಿ. ಪಿಳ್ಳಮ್ಮ ಪಕ್ಕದ ಶೆಡ್ಡಿನಲ್ಲೇ ಒಂಬತ್ತು ವರ್ಷ ಬದುಕಿದ್ದರು. ನಿಮ್ಮ ಜೊತೆ ಒಂದು ಮಾತೂ ಆಡಲಿಲ್ಲ. ಅವರ ಹೆಣಕ್ಕೆ ನೀರು ಹಾಕಲು ಹೋದಾಗ ಅವರ ಸೊಸೆ ನಿಮ್ಮ ಕೈಯಿಂದ ಚೊಂಬು ಕಿತ್ತುಕೊಂಡಳಂತೆ.

ಧ್ವನಿಮುದ್ರಣವನ್ನು ಪೂರ್ತಿ ಕೇಳಿಸಿ ಎಂದು ಮೇಲ್ವಿಚಾರಕ ರೋಹಿತಾಶ್ವನನ್ನು ಕೇಳಿದೆ. “ಜನ ಖುಷಿಪಡೋಕೆ ಬರ್ತಾರೆ ಇಬ್ಬನಿ,” ಎಂದ. ಮರುದಿನ ಬಟ್ಟೆ ಬಡಿಯುವುದನ್ನು ನಿಲ್ಲಿಸಿ, ಮೆಟ್ಟಿಲ ಮೇಲಿದ್ದವರ ಕಡೆ ತಿರುಗಿ, ಪಿಳ್ಳಮ್ಮನ ಮಾತನ್ನು ಅವರ ದನಿಯಲ್ಲೇ ಹೇಳಿದೆ. ಗೇಟಿನಾಚೆ ಹಾಕುತ್ತಾರೆ, ಹಾಕಲಿ ಎಂದುಕೊಂಡಿದ್ದೆ.

ಅವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. “ತುಂಬಾ ನೈಜವಾಗಿತ್ತು,” ಎಂದ ರೋಹಿತಾಶ್ವ. “ದಿನಾ ಎರಡು ಸಲ ಹೇಳಿ. ಸೂಕ್ತ ಸ್ಥಳ ಅನ್ನೋದು ಮಾತ್ರ ಬಿಟ್ಬಿಡಿ, ಯಾರಿಗೂ ಅರ್ಥ ಆಗಲ್ಲ.” ನಾನು ಒಲ್ಲೆ ಎಂದೆ. ಈಗ ಅದನ್ನು ಬೇರೊಬ್ಬಳು ಹೇಳುತ್ತಾಳೆ. ನನಗಿಂತ ಚೆನ್ನಾಗಿ ಹೇಳುತ್ತಾಳಂತೆ.

ನಿಮ್ಮಲ್ಲಿ ಒಂದೇ ಒಂದು ಕೇಳಿಕೆ. ಭಾನುವಾರ ಪಿಳ್ಳಮ್ಮ ಗೆದ್ದೇ ಗೆಲ್ಲುತ್ತಾರೆಂದು ನಾನು ಹೇಳಲಾರೆ. ಅವರನ್ನು ಕೂರಿಸಲೇಬೇಕಾದರೆ ಕಾರ್ಪೊರೇಟರ್ ಕೂರಿಸಲಿ, ಬೇಕಾದರೆ ಪೊಲೀಸರನ್ನು ಕರೆಸಿ ಕೂರಿಸಲಿ. ಅವರ ಆ ಕೆಲಸವನ್ನು ನೀವು ಮಾಡಿಕೊಡಬೇಡಿ.

ನಿಮಗೆ ನಮಸ್ಕಾರ ಹೇಳುವ ಮನಸ್ಸಿಲ್ಲ. ಆದರೂ ಹಿರಿಯರು ನೀವು. ಹೇಳಿದ್ದೇನೆ ಎಂದುಕೊಳ್ಳಿ.

ಇಬ್ಬನಿ