ದೇವರ ಕೋಣೆಯ ಫರಸಿ

ಕೊಹೀರಿನ ಹಣಮಂತರಾಯ ಅಣ್ಣನವರಿಗೆ,

ಜಹೀರಾಬಾದಿನ ನಿಮ್ಮ ಮನೆ ಕೊಂಡ ಕಾಶೀಬಾಯಿಯ ಶರಣು.

ಮನೆ ನೋಡಲು ಬಂದ ದಿನ ವಾಸ್ತು ನೋಡಲೆಂದು ನಾವು ಕರೆತಂದಿದ್ದ ಮಠದ ಅಯ್ಯನವರು ಈಶಾನ್ಯದ ದೇವರ ಕೋಣೆಯನ್ನು ಬಹಳ ಹೊಗಳಿದರು. ನಮ್ಮ ಗಾರೆ ಕೆಲಸದ ಗೌಂಡಿ ಅಲ್ಲಿನ ನೆಲ ಬಡಿದು ನೋಡುತ್ತೇನೆಂದಾಗ ನೀವು, "ದೇವರ ಮುಂದ ಸುತ್ತಿಗಿ ಹಿಡೀತೀರೇನ್ರಿ ಅಕ್ಕಾರ?" ಅಂದಿರಿ. ನಾವು ಕೈಮುಗಿದು ಹೊರಗೆ ಬಂದೆವು.

ಈಗ ಗಾಳಿಯಿಲ್ಲದಿದ್ದರೂ ಅಲ್ಲಿ ದೀಪ ಬಾಗುತ್ತದೆ. ನೆಲ ತೊಳೆದ ನೀರು ಫರಸಿ ಕಲ್ಲುಗಳ ಸಂದಿಯಲ್ಲಿ ಇಳಿದುಹೋಗಿ, ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸಪ್ಪಳ ಬರುತ್ತದೆ. ತುಂಬು ಬಸುರಿ ಸೊಸೆ ಶಿರೀಷಾ, "ಅತ್ತಿ, ಕೆಳಗ ಯಾರೋ ನೀರು ಸೇದಾಕತ್ತಾರ" ಎಂದು ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾಳೆ.

ನಿನ್ನೆ ಪಕ್ಕದ ಮನೆಯ ಬಂಡಮ್ಮ ಹೇಳಿದಳು: "ಅದು ಬಾವಿ ಅದರಿ. ರಾಯರ ತಂಗಿ ಬಿದ್ದು ಸತ್ತಮ್ಯಾಲ ಫರಸಿ ಹಾಸಿ ಮುಚ್ಯಾರ."

ಜಗಳಕ್ಕೆಂದು ಬರೆಯುತ್ತಿಲ್ಲ. ಬಾವಿ ಎಷ್ಟು ಅಗಲ, ಗೋಡೆಯ ಕೆಳಗೂ ಹೋಗಿದೆಯೋ, ಒಮ್ಮೆ ಬಂದು ತೋರಿಸಿರಿ. ಅದು ತಿಳಿಯದೆ ಗೌಂಡಿ ಕಲ್ಲೆತ್ತಲು ಒಪ್ಪುತ್ತಿಲ್ಲ. ಅಲ್ಲಿಯವರೆಗೆ ಲಿಂಗಪೂಜೆಯನ್ನು ಪಡಸಾಲೆಯಲ್ಲಿ ಮಾಡಿಕೊಳ್ಳುತ್ತೇನೆ.

ದೀಪ ಮಾತ್ರ ಆ ಕೋಣೆಯ ಹೊಸ್ತಿಲಿಗೇ ಇಡುತ್ತಿದ್ದೇನೆ. ನಿಮ್ಮ ತಂಗಿಯ ಹೆಸರು ತಿಳಿಸಿರಿ. ಅವಳ ಹೆಸರು ಹೇಳದೆ ಹಚ್ಚುವುದು ಮನಸ್ಸಿಗೆ ಒಗ್ಗುತ್ತಿಲ್ಲ.

ಇಂತಿ,
ಕಾಶೀಬಾಯಿ